ಪ್ರಶ್ನೆ ಇಂಗ್ಲಿಷಿನಲ್ಲಿ, ಉತ್ತರ ಕನ್ನಡದಲ್ಲಿ: ನಾನು ಯುಪಿಎಸ್‌ಸಿ ಸಿಲೆಬಸ್ ಓದಿದ ಬಗೆ

ಐಎಎಸ್‌ನಂಥ ಹುದ್ದೆಗಳಿಗೆ ಯುಪಿಎಸ್‌ಸಿ, ಅಂದರೆ ಕೇಂದ್ರ ಲೋಕಸೇವಾ ಆಯೋಗ, ನಡೆಸುವ ಪರೀಕ್ಷೆಗೆ ಯಾವ ಪುಸ್ತಕ ಓದಬೇಕು ಅಂತ ಧಾರವಾಡದ ಕೋಚಿಂಗ್ ಕ್ಲಾಸುಗಳ ಬಡಾವಣೆ ಸಪ್ತಾಪುರದಲ್ಲಿ ಯಾರನ್ನೇ ಕೇಳಿ, ಹೇಳುತ್ತಾರೆ. ಝೆರಾಕ್ಸ್ ಅಂಗಡಿಯವರೂ ಹೇಳುತ್ತಾರೆ. ಯಾವ ಕ್ಲಾಸಿಗೆ ಸೇರಬೇಕು, ಯಾವ ಮೆಸ್ಸಿನಲ್ಲಿ ರೊಟ್ಟಿ ಚೆನ್ನಾಗಿರುತ್ತದೆ, ಯಾವ ರೀಡಿಂಗ್ ರೂಮಿನಲ್ಲಿ ಗದ್ದಲ ಕಡಿಮೆ, ಎಲ್ಲ ಎಲ್ಲರಿಗೂ ಗೊತ್ತು. ಪರೀಕ್ಷೆ ನಮ್ಮಿಂದ ಏನು ಬಯಸುತ್ತದೆ ಅಂತ ಕೇಳಿದರೆ ಮಾತ್ರ ಉತ್ತರ ಗೋಜಲು. "ಪ್ರಿಲಿಮ್ಸ್ ಇರ್ತದ, ಆಮ್ಯಾಲೆ ಮೇನ್ಸ್, ಆಮ್ಯಾಲೆ ಇಂಟರ್‌ವ್ಯೂ" ಅನ್ನುತ್ತಾರೆ. ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಸಂದರ್ಶನ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ನಾನು ನರಗುಂದ ತಾಲ್ಲೂಕಿನವಳು. ಶಾಲೆಯಿಂದ ಬಿಎವರೆಗೂ ಓದಿದ್ದು ಕನ್ನಡ ಮಾಧ್ಯಮದಲ್ಲೇ. ಸಪ್ತಾಪುರದ ಪಿಜಿಗೆ ಬಂದಾಗ ಅಲ್ಲಿ ಒಬ್ಬ ಸೀನಿಯರ್ ಅಕ್ಕ ಇದ್ದರು. ಅವರು ಆಗಲೇ ಒಮ್ಮೆ ದೆಹಲಿಗೆ ಹೋಗಿ ಸಂದರ್ಶನ ಕೊಟ್ಟು ಬಂದವರು. ಅವರು ಹೇಳಿದ್ದಿಷ್ಟು: "ಪುಸ್ತಕ ಆಮ್ಯಾಲೆ ತಗೊಳ್ಳಂತಿ. ಮೊದ್ಲ ನೋಟಿಫಿಕೇಶನ್ ಪ್ರಿಂಟ್ ತಗೊಂಡ್ ಬಾ. ಪೂರ್ತಿ ಓದು. ಸಣ್ಣ ಅಕ್ಷರದಾಗ ಇದ್ದದ್ದನ್ನೂ ಬಿಡಬ್ಯಾಡ."

ನೂರಕ್ಕೂ ಜಾಸ್ತಿ ಪುಟ. ಇಂಗ್ಲಿಷಿನಲ್ಲಿ, ಅದೂ ಸರ್ಕಾರಿ ಇಂಗ್ಲಿಷಿನಲ್ಲಿ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಮುಗಿಸುವಷ್ಟರಲ್ಲಿ ಒಂದು ವಿಷಯ ಸ್ಪಷ್ಟವಾಯಿತು. ಇದು ಒಂದು ಪರೀಕ್ಷೆ ಅಲ್ಲ, ಮೂರು. ಮೂರಕ್ಕೂ ಬೇಕಾದ ತಯಾರಿ ಬೇರೆ ಬೇರೆ. ನನ್ನಂಥ ಕನ್ನಡ ಮಾಧ್ಯಮದವರಿಗೆ ಇನ್ನೂ ಒಂದು ಲೆಕ್ಕ ಇದೆ: ಯಾವ ಹಂತದಲ್ಲಿ ಕನ್ನಡ ನಡೆಯುತ್ತದೆ, ಯಾವ ಹಂತದಲ್ಲಿ ನಡೆಯುವುದಿಲ್ಲ. ಈ ಲೆಕ್ಕವನ್ನು ಯಾವ ಕ್ಲಾಸಿನಲ್ಲೂ ಯಾರೂ ಬಿಡಿಸಿ ಹೇಳಿದ್ದನ್ನು ನಾನು ಕೇಳಿಲ್ಲ.

ಮೊದಲು ಅರ್ಹತೆಯ ಪುಟಗಳು. ಎಲ್ಲರೂ ಇದನ್ನು ಹಾರಿಸಿಬಿಡುತ್ತಾರೆ. ನನ್ನ ರೂಮ್‌ಮೇಟ್ ಬ್ಯಾಡಗಿ ಕಡೆಯವಳು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಅವಳ ಮನೆಯವರದು 3ಬಿ ಗುಂಪು. ಕೇಂದ್ರದ ಪರೀಕ್ಷೆಯಲ್ಲೂ ಒಬಿಸಿ (ಇತರೆ ಹಿಂದುಳಿದ ವರ್ಗ) ಮೀಸಲಾತಿ ಸಿಗುತ್ತದೆ ಅಂತ ಅವರ ಮನೆಯಲ್ಲಿ ಎಲ್ಲರೂ ನಂಬಿದ್ದರು. ರಾಜ್ಯದ ಪಟ್ಟಿಯೇ ಬೇರೆ, ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ. ಇಲ್ಲಿ 3ಬಿ ಇದ್ದವರೆಲ್ಲ ಅಲ್ಲಿ ಒಬಿಸಿ ಆಗುವುದಿಲ್ಲ. ಪಟ್ಟಿ ತೆಗೆದು ನೋಡಿದರೆ ಅವಳ ಜಾತಿ ಅದರಲ್ಲಿ ಇರಲಿಲ್ಲ. ಅಂದರೆ ಅವಳು ಅಲ್ಲಿ ಸಾಮಾನ್ಯ ವರ್ಗ. ವಯಸ್ಸು 32ರವರೆಗೆ, ಅವಕಾಶ 6 ಸಲ. ಒಬಿಸಿಯಾಗಿದ್ದರೆ 35 ವರ್ಷ, 9 ಸಲ. ಎಸ್‌ಸಿ, ಎಸ್‌ಟಿಯವರಿಗೆ 37 ವರ್ಷ ತುಂಬುವವರೆಗೆ ಎಷ್ಟು ಸಲವಾದರೂ ಬರೆಯಬಹುದು. ಇಡಬ್ಲ್ಯೂಎಸ್, ಅಂದರೆ ಆರ್ಥಿಕವಾಗಿ ಹಿಂದುಳಿದ ಸಾಮಾನ್ಯ ವರ್ಗದವರ ಮೀಸಲಾತಿ, ನೋಡೋಣ ಅಂದರೆ ವರ್ಷದ ಆದಾಯ 8 ಲಕ್ಷದ ಒಳಗಿರಬೇಕು, ಜೊತೆಗೆ ಐದು ಎಕರೆ ಅಥವಾ ಅದಕ್ಕಿಂತ ಹೆಚ್ಚು ಹೊಲ ಇರಬಾರದು. ಒಣ ಬೇಸಾಯದ ಎಂಟು ಎಕರೆಯಲ್ಲಿ ಏನು ಬರುತ್ತದೆ ಅಂತ ನಮ್ಮ ಕಡೆಯವರಿಗೆ ಗೊತ್ತು. ನಿಯಮಕ್ಕೆ ಗೊತ್ತಿಲ್ಲ. ಇಡಬ್ಲ್ಯೂಎಸ್ ಸಿಕ್ಕರೂ ವಯಸ್ಸಿನಲ್ಲಾಗಲಿ ಅವಕಾಶದಲ್ಲಾಗಲಿ ರಿಯಾಯಿತಿ ಇಲ್ಲ.

ಒಂದು ಒಳ್ಳೆಯ ಸಂಗತಿಯೂ ಅಲ್ಲೇ ಇತ್ತು. ಬರೀ ಅರ್ಜಿ ಹಾಕಿದರೆ ಅವಕಾಶ ಲೆಕ್ಕಕ್ಕೆ ಬರುವುದಿಲ್ಲ. ಪ್ರಿಲಿಮ್ಸ್‌ನ ಒಂದು ಪತ್ರಿಕೆಗಾದರೂ ಹೋಗಿ ಕೂತರೆ ಮಾತ್ರ ಒಂದು ಅವಕಾಶ ಖರ್ಚಾಗುತ್ತದೆ. ಹಾಗಾಗಿ "ಸುಮ್ನೆ ಒಂದ್ಸಲ ನೋಡ್ಕೊಂಡ್ ಬರ್ತೀನಿ" ಎನ್ನುವುದು ಸಾಮಾನ್ಯ ವರ್ಗದವರಿಗೆ ದುಬಾರಿ ಆಟ. ಅರ್ಜಿ ಶುಲ್ಕ 100 ರೂಪಾಯಿ. ಹೆಣ್ಣುಮಕ್ಕಳಿಗೆ ಅದೂ ಇಲ್ಲ.

ಇನ್ನು ಪ್ರಿಲಿಮ್ಸ್. ಜನರಲ್ ಸ್ಟಡೀಸ್ ಮೊದಲ ಪತ್ರಿಕೆಯ ಸಿಲೆಬಸ್ ಅಂದರೆ ಬರೀ ಏಳು ಸಾಲು. ಪ್ರಚಲಿತ ಘಟನೆ, ಭಾರತದ ಇತಿಹಾಸ ಮತ್ತು ಸ್ವಾತಂತ್ರ್ಯ ಚಳವಳಿ, ಭಾರತ ಮತ್ತು ಜಗತ್ತಿನ ಭೂಗೋಳ, ಸಂವಿಧಾನ ಮತ್ತು ಆಡಳಿತ, ಆರ್ಥಿಕ ಮತ್ತು ಸಾಮಾಜಿಕ ಅಭಿವೃದ್ಧಿ, ಪರಿಸರ, ಸಾಮಾನ್ಯ ವಿಜ್ಞಾನ. ಅಷ್ಟೇ. ಏಳು ಸಾಲು ನೋಡಿ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. 100 ಪ್ರಶ್ನೆ, 200 ಅಂಕ, ಎರಡು ಗಂಟೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಪಾಲು ಅಂಕ ಕಡಿತ.

ಎರಡನೇ ಪತ್ರಿಕೆ ಸಿಸ್ಯಾಟ್, ಅಂದರೆ ಓದಿ ಅರ್ಥಮಾಡಿಕೊಳ್ಳುವುದು, ತರ್ಕ, ಗಣಿತ ಇರುವ ಪತ್ರಿಕೆ. 80 ಪ್ರಶ್ನೆ, 200 ಅಂಕ. 2011ರಲ್ಲಿ ಬಂದಾಗ ಇದರ ಅಂಕವೂ ಲೆಕ್ಕಕ್ಕೆ ಬರುತ್ತಿತ್ತು. 2015ರಿಂದ ಶೇ 33 ಬಂದರೆ ಸಾಕು ಅಂತ ಆಯಿತು. "ಸಾಕು" ಎನ್ನುವುದು ಕೇಳಲು ಹಿತ. ಆದರೆ ಆ ಗೆರೆ ದಾಟದಿದ್ದರೆ ಮೊದಲ ಪತ್ರಿಕೆಯಲ್ಲಿ ಎಷ್ಟೇ ಅಂಕ ಬಂದಿದ್ದರೂ ಕತೆ ಮುಗಿಯಿತು. ಸಿಲೆಬಸ್‌ನಲ್ಲಿ ಗಣಿತ ಹತ್ತನೇ ತರಗತಿ ಮಟ್ಟದ್ದು ಅಂತ ಬರೆದಿದೆ. ಹಳೆಯ ಪ್ರಶ್ನೆಪತ್ರಿಕೆ ತೆಗೆದು ನೋಡಿದವರಿಗೆ ಆ ಮಾತಿನ ಮೇಲೆ ನಂಬಿಕೆ ಉಳಿಯುವುದು ಕಷ್ಟ. ಬಿಎ ಓದಿದ ನಮ್ಮಂಥವರು ಸಿಸ್ಯಾಟನ್ನು ಕೊನೆಯ ತಿಂಗಳಿಗೆ ಬಿಡಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾನು ದಿನಾ ಸಂಜೆ ಊಟಕ್ಕೆ ಮುಂಚೆ ಅದನ್ನೇ ಮಾಡುತ್ತಿದ್ದೆ.

ಭಾಷೆಯ ಲೆಕ್ಕ ಶುರುವಾಗುವುದು ಇಲ್ಲಿಂದ. ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲಿ ಮಾತ್ರ ಇರುತ್ತದೆ. ಕನ್ನಡ ಇಲ್ಲ. ಅಂದರೆ ನಾನು ಸಂವಿಧಾನವನ್ನು ಕನ್ನಡದಲ್ಲಿ ಎಷ್ಟೇ ಚೆನ್ನಾಗಿ ಓದಿದ್ದರೂ ಆ ಎರಡು ಗಂಟೆ ಇಂಗ್ಲಿಷಿನಲ್ಲೇ ಬದುಕಬೇಕು. ಅದೂ ಎಂಥ ಇಂಗ್ಲಿಷ್! ಮೂರ್ನಾಲ್ಕು ಹೇಳಿಕೆ ಕೊಟ್ಟು "ಇವುಗಳಲ್ಲಿ ಎಷ್ಟು ಸರಿ" ಅಂತ ಕೇಳುತ್ತಾರೆ. 2023ರಲ್ಲಿ ಈ ಬಗೆಯ ಪ್ರಶ್ನೆ ತುಂಬಾ ಬಂದಿದ್ದವು. ಮೊದಲಾದರೆ ಒಂದು ಹೇಳಿಕೆ ತಪ್ಪು ಅಂತ ಗೊತ್ತಿದ್ದರೆ ಎರಡು ಆಯ್ಕೆ ಹೊಡೆದು ಹಾಕಬಹುದಿತ್ತು. ಇದರಲ್ಲಿ ಆ ದಾರಿ ಇಲ್ಲ, ಪ್ರತಿ ಹೇಳಿಕೆಯೂ ಗೊತ್ತಿರಲೇಬೇಕು. ಹೇಳಿಕೆಯಲ್ಲಿ ಇರುವ ಒಂದು "ಓನ್ಲಿ" ಕಣ್ತಪ್ಪಿದರೂ ಅಂಕ ಹೋಗುತ್ತದೆ.

ಮುಖ್ಯ ಪರೀಕ್ಷೆಯಲ್ಲಿ ಬಾಗಿಲು ಸ್ವಲ್ಪ ತೆರೆಯುತ್ತದೆ. ಉತ್ತರ ಕನ್ನಡದಲ್ಲಿ ಬರೆಯಬಹುದು. ಆದರೆ ಜಿಎಸ್ (ಜನರಲ್ ಸ್ಟಡೀಸ್) ಪ್ರಶ್ನೆಪತ್ರಿಕೆ ಅಲ್ಲೂ ಹಿಂದಿ, ಇಂಗ್ಲಿಷಿನಲ್ಲೇ ಇರುತ್ತದೆ. ಪ್ರಶ್ನೆ ಇಂಗ್ಲಿಷಿನಲ್ಲಿ ಓದಿ ಉತ್ತರ ಕನ್ನಡದಲ್ಲಿ ಬರೆಯಬೇಕು. ಪಾರಿಭಾಷಿಕ ಪದಗಳಿಗೆ ಪಕ್ಕದಲ್ಲಿ ಇಂಗ್ಲಿಷ್ ಪದ ಕೊಡಲು ಅನುಮತಿ ಇದೆ. ಈ ಒಂದು ಸಾಲು ಓದಿದ ದಿನವೇ ನಾನು ನೋಟ್ಸ್ ಮಾಡುವ ರೀತಿ ನಿರ್ಧಾರವಾಯಿತು. ವಿಷಯ ಕನ್ನಡದಲ್ಲಿ, ಪಾರಿಭಾಷಿಕ ಪದ ಎರಡೂ ಭಾಷೆಯಲ್ಲಿ. ಪ್ರಿಲಿಮ್ಸ್‌ಗೂ ಆಯಿತು, ಮೇನ್ಸ್‌ಗೂ ಆಯಿತು.

ಮೇನ್ಸ್‌ನಲ್ಲಿ ಒಟ್ಟು ಒಂಬತ್ತು ಪತ್ರಿಕೆ. ಎರಡು ಭಾಷಾ ಪತ್ರಿಕೆಗಳು 300 ಅಂಕದವು: ಒಂದು ಭಾರತೀಯ ಭಾಷೆ, ನನಗೆ ಕನ್ನಡ, ಇನ್ನೊಂದು ಇಂಗ್ಲಿಷ್. ಎರಡರಲ್ಲೂ ಶೇ 25 ಬಂದರೆ ಸಾಕು, ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಆದರೆ ಇವುಗಳಲ್ಲಿ ಪಾಸಾಗದಿದ್ದರೆ ಉಳಿದ ಏಳು ಪತ್ರಿಕೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಏಳು ಅಂದರೆ ಪ್ರಬಂಧ, ನಾಲ್ಕು ಜಿಎಸ್, ಐಚ್ಛಿಕ ವಿಷಯದ ಎರಡು. ಪ್ರತಿಯೊಂದೂ 250 ಅಂಕ, ಒಟ್ಟು 1750. ಸಂದರ್ಶನದ 275 ಸೇರಿದರೆ 2025. ರ‍್ಯಾಂಕ್ ನಿರ್ಧಾರವಾಗುವುದು ಈ 2025ರಲ್ಲಿ. ಪ್ರಿಲಿಮ್ಸ್‌ನ ಒಂದು ಅಂಕವೂ ಇದರಲ್ಲಿ ಇಲ್ಲ.

ಇದು ಗೊತ್ತಾದ ಮೇಲೆ ಓದುವ ಕ್ರಮವನ್ನು ತಿರುಗಿಸಿಕೊಂಡೆ. ನಮ್ಮಲ್ಲಿ ಬಹಳ ಜನ ಪ್ರಿಲಿಮ್ಸ್ ಆದ ಮೇಲೆ ಮೇನ್ಸ್ ನೋಡೋಣ ಎನ್ನುತ್ತಾರೆ. ಎರಡರ ನಡುವೆ ಸಿಗುವುದು ಸುಮಾರು ಮೂರು ತಿಂಗಳು. 2025ರಲ್ಲಿ ಪ್ರಿಲಿಮ್ಸ್ ಮೇ 25ಕ್ಕೆ ಇತ್ತು, ಮೇನ್ಸ್ ಆಗಸ್ಟ್ 22ಕ್ಕೆ ಶುರು. ಅಷ್ಟರಲ್ಲಿ ಐಚ್ಛಿಕ ವಿಷಯ ಮೊದಲಿಂದ ಓದಿ, ಉತ್ತರ ಬರೆಯುವುದನ್ನೂ ಕಲಿಯುತ್ತೇನೆ ಎಂದರೆ ನಾನಂತೂ ಒಪ್ಪುವುದಿಲ್ಲ.

ಜಿಎಸ್ ಸಿಲೆಬಸ್ ನನಗೆ ನಿಜವಾಗಿ ಅರ್ಥವಾಗಿದ್ದು ನಮ್ಮೂರಿನ ನೀರಿನ ಜಗಳದಿಂದ. ಸೀನಿಯರ್ ಅಕ್ಕ ಒಂದು ಕೆಲಸ ಕೊಟ್ಟರು. "ನಿಮ್ಮ ಊರಾಗಿನ ಒಂದು ವಿಷಯ ತಗೋ. ಅದು ಸಿಲೆಬಸ್‌ದಾಗ ಎಲ್ಲೆಲ್ಲಿ ಕುಂದರ್ತದ ನೋಡು." ನರಗುಂದದವಳಿಗೆ ಬೇರೆ ಯಾವ ವಿಷಯ ಹೊಳೆದೀತು? ಮಹದಾಯಿ. ಆ ನದಿಯ ನೀರನ್ನು ನಮ್ಮ ಮಲಪ್ರಭೆಗೆ ತಿರುಗಿಸುವ ಜಗಳ.

ಪ್ರಿಲಿಮ್ಸ್‌ಗೆ ಇದು ಮಾಹಿತಿ. ಮಹದಾಯಿ ಬೆಳಗಾವಿ ಜಿಲ್ಲೆಯ ಭೀಮಗಡ ಕಾಡಿನಲ್ಲಿ ಹುಟ್ಟುತ್ತದೆ, ಪಶ್ಚಿಮಕ್ಕೆ ಹರಿದು ಗೋವಾದಲ್ಲಿ ಮಾಂಡೋವಿ ಆಗಿ ಅರಬ್ಬಿ ಸಮುದ್ರ ಸೇರುತ್ತದೆ. ಅಂತರರಾಜ್ಯ ನದಿ ವಿವಾದಕ್ಕೆ ಸಂವಿಧಾನದ 262ನೇ ವಿಧಿ. ಅದರ ಕೆಳಗೆ 1956ರ ಕಾಯ್ದೆ. ಇಷ್ಟು ಗೊತ್ತಿದ್ದರೆ ನಾಲ್ಕು ಆಯ್ಕೆಯಲ್ಲಿ ಒಂದನ್ನು ಗುರುತು ಹಾಕಬಹುದು.

ಮೇನ್ಸ್‌ಗೆ ಬಂದರೆ ಅದೇ ನದಿ ನಾಲ್ಕು ಕಡೆ ಕಾಣಿಸಿಕೊಂಡಿತು. ಜಿಎಸ್ ಒಂದರಲ್ಲಿ ನೈಸರ್ಗಿಕ ಸಂಪನ್ಮೂಲಗಳ ಹಂಚಿಕೆ ಎಂಬ ಸಾಲಿದೆ. ಪಶ್ಚಿಮಕ್ಕೆ ಹರಿಯುವ ನೀರು ಹೆಚ್ಚು, ಪೂರ್ವದ ಬಯಲಿಗೆ ಮಳೆ ಕಡಿಮೆ. ನವಿಲುತೀರ್ಥದ ಮಲಪ್ರಭಾ ಅಣೆಕಟ್ಟು ಎಷ್ಟೋ ವರ್ಷ ತುಂಬುವುದೇ ಇಲ್ಲ. ಜಿಎಸ್ ಎರಡರಲ್ಲಿ ಒಕ್ಕೂಟ ವ್ಯವಸ್ಥೆಯ ಸವಾಲುಗಳು. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು, ಆದರೂ ವಿವಾದ ಮುಗಿಯಲಿಲ್ಲ. ಯಾಕೆ? ಅದೇ ಪ್ರಶ್ನೆ. ಜಿಎಸ್ ಮೂರರಲ್ಲಿ ನೀರಾವರಿ, ಬೆಳೆ ಪದ್ಧತಿ, ಪರಿಸರ ಪರಿಣಾಮದ ಅಂದಾಜು. ಕಾಲುವೆ ಬಂದ ಮೇಲೆ ನಮ್ಮ ಎರೆಭೂಮಿಯಲ್ಲಿ ಜೋಳ, ಕಡಲೆ ಬಿಟ್ಟು ಏನೇನು ಬೆಳೆದರು, ನೀರು ಬರದಾಗ ಏನಾಯಿತು ಎಂಬುದು ಅಪ್ಪನಿಗೆ ಗೊತ್ತಿತ್ತು. 1980ರಲ್ಲಿ ನರಗುಂದ, ನವಲಗುಂದದಲ್ಲಿ ನೀರಿನ ಕರದ ವಿರುದ್ಧ ರೈತರು ಎದ್ದಿದ್ದು, ಗೋಲಿಬಾರ್ ಆಗಿದ್ದು ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೂ ಬರುವ ಮಾತು. ಅದನ್ನು ಪರೀಕ್ಷೆಯಲ್ಲಿ ಬರೆಯಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಜಿಎಸ್ ನಾಲ್ಕು ನೀತಿಶಾಸ್ತ್ರ. 2013ರಲ್ಲಿ ಸೇರಿಸಿದ ಪತ್ರಿಕೆ. ಇದರ ಅರ್ಧ ಭಾಗ ಕೇಸ್ ಸ್ಟಡಿ. ನೀವು ಜಿಲ್ಲಾಧಿಕಾರಿ, ಒಂದು ಕಡೆ ಕುಡಿಯುವ ನೀರಿಗಾಗಿ ರಸ್ತೆ ತಡೆದು ಕೂತ ರೈತರು, ಇನ್ನೊಂದು ಕಡೆ ಕಾಡು ಕಡಿಯಬಾರದು ಎನ್ನುವವರು, ಮೇಲಿಂದ ಒತ್ತಡ, ಏನು ಮಾಡುತ್ತೀರಿ? ಇಂಥದ್ದು. ನಾನು ಬರೆದ ಉತ್ತರವನ್ನು ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಿದೆ. "ಅಧಿಕಾರಿ ರಸ್ತೆಗೆ ಬಂದು ನಮ್ಮ ಸಂಗಡ ಕುಂತು ಮಾತಾಡಿದ್ರ ಅರ್ಧ ಜಗಳ ಅಲ್ಲೇ ಮುಗೀತದವ್ವ" ಅಂದರು. ಅದನ್ನೇ ಮೊದಲ ಹೆಜ್ಜೆಯಾಗಿ ಬರೆದುಕೊಂಡೆ. ದಪ್ಪ ದಪ್ಪ ಪುಸ್ತಕದಲ್ಲಿರುವ ವ್ಯಾಖ್ಯೆಗಳಿಗಿಂತ ಇದು ಜಾಸ್ತಿ ಕೆಲಸಕ್ಕೆ ಬಂತು.

ಹೀಗೆ ಒಂದು ವಿಷಯ ಹಿಡಿದು ಸಿಲೆಬಸ್ ಸಾಲುಗಳಿಗೆ ಕಟ್ಟುವ ಆಟ ನಮ್ಮ ಪಿಜಿಯಲ್ಲಿ ಎಲ್ಲರಿಗೂ ಅಂಟಿತು. ಗದಗಿನ ಒಬ್ಬಳು ಕಣಗಿನಹಾಳದ ಸಹಕಾರ ಸಂಘ ತಂದಳು. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ ಅಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದ್ದು. ಅಲ್ಲಿಂದ ಹೊರಟು ಸಹಕಾರ ಸಂಘಗಳ ಕುರಿತ 97ನೇ ಸಂವಿಧಾನ ತಿದ್ದುಪಡಿವರೆಗೆ ಹೋದಳು. ಇನ್ನೊಬ್ಬಳು ಲಕ್ಕುಂಡಿಯ ಗುಡಿಗಳನ್ನು. ಬ್ಯಾಡಗಿಯವಳು ಮೆಣಸಿನಕಾಯಿಯ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು), ಮಾರುಕಟ್ಟೆ, ಬೆಲೆ ಕುಸಿತ. ಹುಬ್ಬಳ್ಳಿಯವಳು ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುವುದನ್ನು. ಎಲ್ಲವೂ ಉತ್ತರದಲ್ಲಿ ಉದಾಹರಣೆಯಾಗಿ ಕೂರುತ್ತವೆ. ದೆಹಲಿಯ ನೋಟ್ಸ್ ಓದಿದವರೆಲ್ಲ ಒಂದೇ ಉದಾಹರಣೆ ಬರೆಯುವಾಗ ಇದು ಬೇರೆಯಾಗಿ ಕಾಣುತ್ತದೆ, ಅಲ್ವಾ?

ಐಚ್ಛಿಕ ವಿಷಯಕ್ಕೆ ನಾನು ಕನ್ನಡ ಸಾಹಿತ್ಯ ಆರಿಸಿಕೊಂಡೆ. ಅಂಕ ಜಾಸ್ತಿ ಬರುತ್ತದೆ ಅಂತ ಅಲ್ಲ. ಆ ಮಾತನ್ನು ಪ್ರತಿ ವಿಷಯದವರೂ ತಮ್ಮ ವಿಷಯದ ಬಗ್ಗೆ ಹೇಳುತ್ತಾರೆ. ನನ್ನ ಕಾರಣ ಸರಳ: ಇಡೀ ಪರೀಕ್ಷೆಯಲ್ಲಿ ಪ್ರಶ್ನೆಯೂ ಕನ್ನಡ, ಉತ್ತರವೂ ಕನ್ನಡ ಆಗಿದ್ದು, ಅಂಕವೂ ರ‍್ಯಾಂಕಿಗೆ ಸೇರುವುದು ಇವೆರಡೇ ಪತ್ರಿಕೆ. 500 ಅಂಕ. ಮೊದಲ ಪತ್ರಿಕೆಯಲ್ಲಿ ಭಾಷೆಯ ಚರಿತ್ರೆ, ಸಾಹಿತ್ಯ ಚರಿತ್ರೆ, ಕಾವ್ಯಮೀಮಾಂಸೆ, ಕರ್ನಾಟಕದ ಸಾಂಸ್ಕೃತಿಕ ಇತಿಹಾಸ. ಎರಡನೆಯದರಲ್ಲಿ ಪಂಪನಿಂದ ಹಿಡಿದು ಈಚಿನವರೆಗೆ ಪಠ್ಯಗಳನ್ನು ಮೂಲದಲ್ಲೇ ಓದಬೇಕು. ಹಳಗನ್ನಡ ಕಷ್ಟವೇ. ಕುಮಾರವ್ಯಾಸ ಮಾತ್ರ ಸಲೀಸು. ನಮ್ಮ ಕಡೆ ಗಮಕ ಕೇಳಿ ಬೆಳೆದ ಕಿವಿಗೆ ಷಟ್ಪದಿಯ ಓಟ ಗೊತ್ತಿರುತ್ತದೆ. ಗದಗಿನ ವೀರನಾರಾಯಣ ಗುಡಿಗೆ ಹೋದಾಗೆಲ್ಲ ಅವ್ವ ಕುಮಾರವ್ಯಾಸನ ಕಂಬ ತೋರಿಸಿ ಕೈ ಮುಗಿಸುತ್ತಿದ್ದಳು, ಅದೂ ಸ್ವಲ್ಪ ಉಪಕಾರ ಮಾಡಿರಬೇಕು.

ಪರೀಕ್ಷೆ ಬರೆದ ಅನುಭವ ಚಿಕ್ಕದಾಗಿ ಹೇಳುತ್ತೇನೆ. ಪ್ರಿಲಿಮ್ಸ್‌ಗೆ ಧಾರವಾಡದಲ್ಲೇ ಕೇಂದ್ರ ಇದೆ, ದೂರ ಹೋಗುವ ತಾಪತ್ರಯ ಇಲ್ಲ. ಬೆಳಿಗ್ಗೆ 9:30ಕ್ಕೆ ಒಂದು, ಮಧ್ಯಾಹ್ನ 2:30ಕ್ಕೆ ಇನ್ನೊಂದು. ಅರ್ಧ ಗಂಟೆ ಮೊದಲೇ ಗೇಟ್ ಹಾಕಿಬಿಡುತ್ತಾರೆ. ಹುಬ್ಬಳ್ಳಿಯಿಂದ ಚಿಗರಿ ಬಸ್ ಹಿಡಿದು ಬರುವವರು ಇದನ್ನು ನೆನಪಿಡಬೇಕು. ಫಲಿತಾಂಶದಲ್ಲಿ ಅಂಕ ಹಾಕುವುದಿಲ್ಲ, ಪಾಸಾದವರ ಪಟ್ಟಿ ಅಷ್ಟೇ. ನನ್ನ ನಂಬರ್ ಇತ್ತು.

ಮೇನ್ಸ್‌ಗೆ ಕರ್ನಾಟಕದಲ್ಲಿ ಬೆಂಗಳೂರು ಒಂದೇ ಕೇಂದ್ರ. ರಾಣಿ ಚೆನ್ನಮ್ಮ ರೈಲಿನಲ್ಲಿ ಹೋಗಿ ಸಂಬಂಧಿಕರ ಮನೆಯಲ್ಲಿ ಉಳಿದೆ. ಐದು ದಿನದ ಪರೀಕ್ಷೆ ಎರಡು ವಾರಾಂತ್ಯಕ್ಕೆ ಹರಡಿರುತ್ತದೆ. ಮೊದಲ ದಿನ ಪ್ರಬಂಧ, ಮೂರು ಗಂಟೆಯಲ್ಲಿ ಎರಡು. ಆಮೇಲೆ ದಿನಕ್ಕೆ ಎರಡು ಪತ್ರಿಕೆ, ಒಂದೊಂದೂ ಮೂರು ಗಂಟೆ. ಜಿಎಸ್‌ನ ಮೊದಲ ಮೂರರಲ್ಲಿ 20 ಪ್ರಶ್ನೆ, ಅಂದರೆ ಒಂದಕ್ಕೆ ಒಂಬತ್ತು ನಿಮಿಷ. 10 ಅಂಕದ್ದಕ್ಕೆ 150 ಪದ, 15 ಅಂಕದ್ದಕ್ಕೆ 250. ಕನ್ನಡದಲ್ಲಿ ಪದಗಳು ಒಂದಕ್ಕೊಂದು ಕೂಡಿಕೊಳ್ಳುವುದರಿಂದ 150 ಪದದಲ್ಲಿ ಇಂಗ್ಲಿಷಿಗಿಂತ ಜಾಸ್ತಿ ವಿಷಯ ಹಿಡಿಸಬಹುದು. ಕೈ ಮಾತ್ರ ಜಾಸ್ತಿ ನೋಯುತ್ತದೆ. ಒತ್ತಕ್ಷರ ಬರೆಯುವಾಗಿನ ಹೊತ್ತು ಯಾವ ಟೈಮ್‌ಟೇಬಲ್‌ನಲ್ಲೂ ಇರುವುದಿಲ್ಲ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಬರೆದವರಿಗೆ ಮಾತ್ರ ಇದು ಗೊತ್ತಾಗುತ್ತದೆ.

ಸಂದರ್ಶನದ ಪಟ್ಟಿಯಲ್ಲಿ ನನ್ನ ನಂಬರ್ ಬರಲಿಲ್ಲ. ಜರಡಿ ಎಷ್ಟು ಸಣ್ಣದು ಅಂತ ತಿಳಿಯಲು 2024ರ ಪರೀಕ್ಷೆಯ ಲೆಕ್ಕ ನೋಡಿ. ಪ್ರಿಲಿಮ್ಸ್ ಬರೆದವರು ಸುಮಾರು 5.83 ಲಕ್ಷ. ಮೇನ್ಸ್‌ಗೆ ಹೋದವರು 14,627. ಸಂದರ್ಶನಕ್ಕೆ 2,845. ಕೊನೆಗೆ ಆಯ್ಕೆಯಾದವರು 1,009. ದೊಡ್ಡ ಸೋಸುವಿಕೆ ಆಗುವುದು ಪ್ರಿಲಿಮ್ಸ್‌ನಲ್ಲಿ. ಅಂದರೆ ಕನ್ನಡ ಇಲ್ಲದ ಹಂತದಲ್ಲೇ. ಹಳ್ಳಿಯಿಂದ ಬಂದ ಎಷ್ಟೋ ಒಳ್ಳೆಯ ಹುಡುಗರು ತಮಗೆ ಗೊತ್ತಿದ್ದದ್ದನ್ನು ಕನ್ನಡದಲ್ಲಿ ಬರೆದು ತೋರಿಸುವ ಹಂತಕ್ಕೆ ಬರುವುದೇ ಇಲ್ಲ. ಇದು ನ್ಯಾಯವೋ ಅಲ್ಲವೋ ಎಂಬ ವಾದ ನಮ್ಮ ಮೆಸ್ಸಿನಲ್ಲಿ ದಿನಾ ನಡೆಯುತ್ತದೆ. ನನ್ನ ಪ್ರಕಾರ ನ್ಯಾಯ ಅಲ್ಲ. ಆದರೆ ವಾದ ಮುಗಿಯುವವರೆಗೆ ಕಾಯಲು ನನ್ನ ಅವಕಾಶಗಳು ಸಾಲುವುದಿಲ್ಲ, ಹಾಗಾಗಿ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ದಿನಾ ಓದುತ್ತೇನೆ.

ಸಂದರ್ಶನದ ವಿಷಯ ನನಗೆ ಗೊತ್ತಿರುವುದು ಸೀನಿಯರ್ ಅಕ್ಕನಿಂದ. ದೆಹಲಿಯ ಶಾಹಜಹಾನ್ ರಸ್ತೆಯ ಧೋಲ್‌ಪುರ ಹೌಸ್‌ನಲ್ಲಿ, ಸುಮಾರು ಅರ್ಧ ಗಂಟೆ. ಕನ್ನಡದಲ್ಲಿ ಮೇನ್ಸ್ ಬರೆದವರು ಸಂದರ್ಶನವನ್ನೂ ಕನ್ನಡದಲ್ಲೇ ಕೊಡಬಹುದು, ಭಾಷಾಂತರ ಮಾಡುವವರು ಇರುತ್ತಾರೆ. ಅಕ್ಕ ಹಾಗೇ ಕೊಟ್ಟರು. ವಿವರವಾದ ಅರ್ಜಿಯಲ್ಲಿ ನಾವು ಬರೆದ ಊರು, ಓದು, ಹವ್ಯಾಸ ನೋಡಿಯೇ ಬಹಳಷ್ಟು ಪ್ರಶ್ನೆ ಬರುತ್ತವಂತೆ. ಅಕ್ಕ ಹವ್ಯಾಸ ಅಂತ "ರೊಟ್ಟಿ ಬಡಿಯುವುದು" ಎಂದು ಬರೆದಿದ್ದರು. ಎಲ್ಲರೂ ನಕ್ಕಿದ್ದೆವು. ಅಲ್ಲಿ ಜೋಳದ ಬೆಲೆ, ಸಿರಿಧಾನ್ಯ, ಪಡಿತರದಲ್ಲಿ ಜೋಳ ಕೊಡುವುದು, ಎಲ್ಲ ಅದರಿಂದಲೇ ಶುರುವಾಯಿತಂತೆ.

ಈ ನಡುವೆ ರಾಜ್ಯದ ಆಡಳಿತ ಸೇವೆಯ ಪರೀಕ್ಷೆಯಾದ ಕೆಎಎಸ್‌ಗೂ ಅರ್ಜಿ ಹಾಕಿದ್ದೇನೆ. ಎರಡೂ ಒಂದೇ ಓದು ಎನ್ನುತ್ತಾರೆ, ಅರ್ಧ ನಿಜ. ಅಲ್ಲಿ ಪ್ರಿಲಿಮ್ಸ್‌ನ ಎರಡೂ ಪತ್ರಿಕೆ ಲೆಕ್ಕಕ್ಕೆ ಬರುತ್ತವೆ, ತಲಾ 100 ಪ್ರಶ್ನೆ, 200 ಅಂಕ. ತಪ್ಪಿಗೆ ಕಾಲು ಭಾಗ ಕಡಿತ. ಪ್ರಶ್ನೆ ಕನ್ನಡದಲ್ಲೂ ಇರುತ್ತದೆ. ಮೇನ್ಸ್‌ನಲ್ಲಿ ಈಗ ಐಚ್ಛಿಕ ವಿಷಯ ಇಲ್ಲ, ಪ್ರಬಂಧ ಮತ್ತು ನಾಲ್ಕು ಜಿಎಸ್. ಸಂದರ್ಶನದ ಪಾಲು ಬಹಳ ಚಿಕ್ಕದು. ಹಾಗಾಗಿ ನನ್ನ ಪಂಪ, ಕುಮಾರವ್ಯಾಸ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದರ ಬದಲು ಕರ್ನಾಟಕದ ಇತಿಹಾಸ, ಭೂಗೋಳ, ಆರ್ಥಿಕತೆ, ರಾಜ್ಯದ ಯೋಜನೆಗಳನ್ನು ಬೇರೆಯಾಗಿ ಓದಬೇಕು. ಬೆಳಿಗ್ಗೆ ಯುಪಿಎಸ್‌ಸಿ, ಮಧ್ಯಾಹ್ನ ಊಟದ ಮೇಲೆ ಕರ್ನಾಟಕದ ಭಾಗ, ಸಂಜೆ ಎಂದಿನಂತೆ ಸಿಸ್ಯಾಟ್. ಬ್ಯಾಡಗಿಯ ಗೆಳತಿ ತನ್ನ ಆರು ಅವಕಾಶ ಉಳಿಸಿಕೊಳ್ಳಲು ಈ ಸಲ ಕೆಎಎಸ್ ಮಾತ್ರ ಬರೆಯುತ್ತಿದ್ದಾಳೆ. ಅಲ್ಲಿ ಅವಳ 3ಬಿ ನಡೆಯುತ್ತದೆ.